ವೀರವ್ವ ತಿಕ್ಕಿದ ಹನ್ನೆರಡು ವಾಲ್ವು

ಸವಣೂರಿನ ಕರಬಸಪ್ಪನಿಗೆ ಲಾರಿ ಇತ್ತು, ಬುದ್ಧಿ ಇರಲಿಲ್ಲ. ಐವತ್ತೇಳನೆಯ ಇಸವಿಯ ಮಾತು. ಮಿಲಿಟರಿಯವರು ಹರಾಜು ಹಾಕಿದ್ದ ಹಳೆಯ ಪೆಟ್ರೋಲ್ ಲಾರಿ ಅದು. ಹುಬ್ಬಳ್ಳಿಗೆ ವೀಳ್ಯದೆಲೆ ಹೊರುತ್ತಿತ್ತು. ಪೂರ್ತಿ ಲೋಡು ಹೇರಿದರೆ ಶಿಗ್ಗಾಂವಿಯ ಏರಿನಲ್ಲಿ ನಿಂತೇಬಿಡುತ್ತಿತ್ತು. ಹಿಂದಿನ ಲಾರಿಗಳು ಹಾರ್ನು ಹೊಡೆಯುತ್ತ ಮುಂದೆ ಹೋಗುತ್ತಿದ್ದವು, ಇವನ ಎಲೆ ಬಿಸಿಲಲ್ಲಿ ಬಾಡುತ್ತಿತ್ತು. ಆಗೆಲ್ಲ ಈ ಮಹಾರಾಯ ಕೆಳಗಿಳಿದು ಡ್ರೈವರನ ಅಪ್ಪ ಅಜ್ಜಂದಿರನ್ನೆಲ್ಲ ಬೈಯುತ್ತಿದ್ದ.

ಕೊನೆಗೆ ಬಂಕಾಪುರದ ಶೇಖಸಾಬನನ್ನು ಕರೆಸಿದ. ತಗಡಿನ ಶೆಡ್ಡಿನಲ್ಲಿ ಎಂಜಿನ್ ರಿಪೇರಿ ಮಾಡುವವನು ಶೇಖಸಾಬ. ಅವನ ಮಾತು ಒಂದೇ: ಕಾರಖಾನೆಯವರು ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡನ್ನು ಉಸುಕಿನ ಅಚ್ಚಿನಲ್ಲಿ ಎರಕ ಹೊಯ್ದು ಹಾಗೇ ಕಳಿಸುತ್ತಾರೆ, ಗಾಳಿ ಹೋಗುವ ದಾರಿಯಲ್ಲಿ ಗಂಟು, ಏಣು ಉಳಿದಿರುತ್ತವೆ, ಅವನ್ನು ಅರದಿಂದ ತೀಡಿ ತೆಗೆದರೆ ಎಂಜಿನ್ನು ಉಸಿರಾಡುತ್ತದೆ. ಹುಬ್ಬಳ್ಳಿಯ ದೊಡ್ಡ ದೊಡ್ಡ ಮೇಸ್ತ್ರಿಗಳು ಇದನ್ನು ಕೇಳಿ ನಕ್ಕಿದ್ದರು. ನಕ್ಕವರ ಮೇಲೆ ಶೇಖಸಾಬನಿಗೆ ಎಷ್ಟು ತಾತ್ಸಾರವೋ, ಅವರ ಬಾಯಿ ಮುಚ್ಚಿಸಬೇಕೆಂಬ ಆಸೆಯೂ ಅಷ್ಟೇ.

"ಲಾರಿ ಏರು ಹತ್ತಿತಂದ್ರ ಏನ್ ಕೊಡ್ತೀರಿ?" ಎಂದು ಕೇಳಿದ.

"ಕೂಲಿ ಕೊಡ್ತೇನಪಾ, ಮತ್ತೇನು?"

"ಕೂಲಿ ಇರ್ಲಿ. ಎಲಿ ಪ್ಯಾಟ್ಯಾಗ ಹತ್ತು ಮಂದಿ ಮುಂದ ನಿಂತು ಇದು ಶೇಖಸಾಬನ ಕೈ ಅಂತ ಹೇಳ್ಬೇಕ್ರಿ."

"ಅಷ್ಟ ಏನೋ ಮಾರಾಯಾ! ಹೇಳ್ತೇನಿ ತಗೊ," ಎಂದ ಕರಬಸಪ್ಪ. ಪುಕ್ಕಟೆ ಮಾತಿಗೆ ಅವನದು ಯಾವಾಗಲೂ ಉದಾರ ಕೈ.

ಆದರೆ ಹೆಡ್ಡನ್ನು ಶೆಡ್ಡಿಗೆ ಕೊಡಲಿಲ್ಲ. ಸಾಬ ಒಳ್ಳೆಯ ಸಾಮಾನು ಬದಲಿಸಿಬಿಟ್ಟರೆ? ದನದ ಕೊಟ್ಟಿಗೆಯಲ್ಲಿ ತನ್ನ ಕಣ್ಣ ಮುಂದೆಯೇ ಕೆಲಸ ಆಗಬೇಕು ಎಂದ. ಶೇಖಸಾಬನಿಗೆ ಚಹಾ ಕುಡಿಯಲೆಂದು ಬೇರೆಯೇ ಒಂದು ಕಪ್ಪನ್ನು ಕೊಟ್ಟಿಗೆಯ ಗೂಡಿನಲ್ಲಿ ಇಡಿಸಿದ್ದರು. ಅವನು ಒಂದು ದಿನವೂ ಅದನ್ನು ಮುಟ್ಟಲಿಲ್ಲ. ಮನೆಯಿಂದ ಹೆಂಡತಿ ಹಾಜರಾಬಿ ಕಟ್ಟಿಕೊಟ್ಟ ರೊಟ್ಟಿ ತಿಂದು, ಬಾವಿಕಟ್ಟೆಯ ಕಡೆ ನೋಡದೆ, ಒಂಬತ್ತು ದಿನ ಕೆಲಸ ಮಾಡಿದ.

ಎಂಥ ಕೆಲಸ ಅದು! ದುಂಡು ಅರ ಹಿಡಿದು ಒಳದಾರಿಗಳ ಏಣುಗಳನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸವರಿದ. ಬೆರಳು ತೂರಿಸಿ, ಕಣ್ಣು ಮುಚ್ಚಿ ತಡವಿ ನೋಡಿದ. ಆಮೇಲೆ ಆ ದಾರಿಗಳ ಬಾಯಿ ಮುಚ್ಚುವ ಹನ್ನೆರಡು ವಾಲ್ವುಗಳನ್ನು ಒಂದೊಂದಾಗಿ ಅದರದರ ಸೀಟಿನಲ್ಲಿ ಕೂರಿಸಿ, ಮಸೆಯುವ ಪೇಸ್ಟು ಹಚ್ಚಿ, ಕಡೆಗೋಲಿನಂತೆ ಅಂಗೈಗಳ ನಡುವೆ ತಿರುಗಿಸಿ ಮಸೆದ. ಹಾಗೆ ಮಸೆದ ವಾಲ್ವು ತನ್ನ ಸೀಟಿಗೆ ಮಾತ್ರ ಸರಿ, ಪಕ್ಕದ್ದಕ್ಕೆ ಕೂಡುವುದಿಲ್ಲ. ಅದಕ್ಕೇ ಹಲಗೆಗೆ ಹನ್ನೆರಡು ತೂತು ಕೊರೆದು, ಸೀಮೆಸುಣ್ಣದಿಂದ ನಂಬರು ಬರೆದು, ಸಾಲಾಗಿ ನಿಲ್ಲಿಸಿದ್ದ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋದ.

ಬಂದು ನೋಡಿದರೆ ಹಲಗೆಯನ್ನು ತೊಳೆದು ಬಿಸಿಲಿಗೆ ನಿಲ್ಲಿಸಿದ್ದಾರೆ. ನಂಬರು ಒಂದೂ ಉಳಿದಿಲ್ಲ. ವಾಲ್ವುಗಳು ಬುಟ್ಟಿಯಲ್ಲಿ ರಾಶಿ ಬಿದ್ದು ಥಳಥಳ ಹೊಳೆಯುತ್ತಿವೆ. ಕರಬಸಪ್ಪನ ತಾಯಿ ವೀರವ್ವ ಹುಣಸೆಹಣ್ಣು, ಬೂದಿ ಹಿಡಿದು ಹೆಡ್ಡನ್ನು ತಿಕ್ಕುತ್ತ ಕುಂತಿದ್ದಾಳೆ.

"ಏನ್ ಮಾಡಾಕತ್ತೀರಿ ಯವ್ವಾ!"

"ಬೆಳಗಾಕತ್ತೇನಪಾ. ನಾಳೆ ದೇವ್ರ ಮುಂದ ಇಟ್ಟು ಇಬತ್ತಿ ಹಚ್ಚೋ ಸಾಮಾನ. ನೀ ಮುಟ್ಟಿದ್ದನ್ನ ಹಂಗ ಒಳಗ ಒಯ್ಯಾಕ ಬರ್ತೈತೇನು?" ಮುದುಕಿ ಸಿಟ್ಟಿನಿಂದ ಹೇಳಲಿಲ್ಲ. ಹಿತ್ತಾಳೆ ಕೊಡದ ವಿಷಯ ಹೇಳಿದಷ್ಟೇ ಸಹಜವಾಗಿ ಹೇಳಿದಳು.

ಶೇಖಸಾಬನ ಮೈಯೆಲ್ಲ ಉರಿದುಹೋಯಿತು. ಒಳಗಿನಿಂದ ಕರಬಸಪ್ಪ ಬಂದ. "ಹನ್ನೆರಡು ಅದಾವೊ ಇಲ್ಲೊ, ಎಣಿಸ್ಕೊ. ಒಂದೂ ಕಳದಿಲ್ಲಲ್ಲ? ಯಾಕ ಒದರ್ತಿ?"

ಈ ಗೂಬೆಗೆ ಏನಂತ ಹೇಳುವುದು? ಶೇಖಸಾಬ ವಾಲ್ವುಗಳನ್ನು ಸಿಕ್ಕ ಸಿಕ್ಕ ಸೀಟಿಗೆ ಕೂರಿಸಿ, ಮೇಲೆ ಸೀಮೆಎಣ್ಣೆ ಹೊಯ್ದು ತೋರಿಸಿದ. ಬಿಗಿಯಾಗಿ ಕೂತಿದ್ದರೆ ಒಂದು ಹನಿಯೂ ಇಳಿಯಬಾರದು. ಇಲ್ಲಿ ಏಳು ಕಡೆ ತೊಟ್ಟಿಕ್ಕಿತು.

"ಅಂದ್ರ ನಿನ್ನ ಕೆಲಸ ಕಚ್ಚಾ ಅಂದಂಗಾತು," ಎಂದ ಕರಬಸಪ್ಪ.

ಎದ್ದು ಹೋಗಬಹುದಿತ್ತು. ಹೋದರೆ ಆ ಮಾತೇ ಪೇಟೆಯಲ್ಲೆಲ್ಲ ಉಳಿಯುತ್ತದೆ, ಹುಬ್ಬಳ್ಳಿಯವರು ಇನ್ನಷ್ಟು ನಗುತ್ತಾರೆ. ಹಲ್ಲು ಕಚ್ಚಿಕೊಂಡು ಕುಂತ. ಒಳದಾರಿಗಳಲ್ಲಿ ಸೇರಿದ್ದ ಬೂದಿಯನ್ನೆಲ್ಲ ಪೆಟ್ರೋಲಿನಿಂದ ತೊಳೆದ. ಹನ್ನೆರಡನ್ನೂ ಮೊದಲಿನಿಂದ ಮಸೆದ. ಮತ್ತೆ ನಾಲ್ಕು ದಿನ. ಈ ಸಲ ಹೆಡ್ಡನ್ನು ಒಂದು ಗಳಿಗೆಯೂ ಬಿಟ್ಟು ಕದಲಲಿಲ್ಲ. ವೀರವ್ವ ದೇವರ ಮುಂದೆ ಇಡುವ ಮಾತೆತ್ತಿದಾಗ, "ದೇವ್ರನ್ನ ಇಲ್ಲೇ ಕರಕೊಂಡು ಬರ್ರಿ," ಎಂದುಬಿಟ್ಟ.

ಬುಧವಾರ ಲಾರಿ ತುಂಬಿದ ಲೋಡಿನಲ್ಲಿ ಹೊರಟಿತು. ಶೇಖಸಾಬ ಎಲೆಪೆಂಡಿಗಳ ಮೇಲೆ ಕುಂತಿದ್ದ. ಶಿಗ್ಗಾಂವಿಯ ಏರು ಬಂತು. ಡ್ರೈವರ್ ರೂಢಿಯಂತೆ ಗೇರು ಇಳಿಸಲು ಕೈ ಹಾಕಿದ, ಬೇಕಾಗಲಿಲ್ಲ. ಇದ್ದ ಗೇರಿನಲ್ಲೇ, ಮುಂದಿದ್ದ ಎರಡು ಲಾರಿಗಳನ್ನು ಹಿಂದೆ ಹಾಕಿ, ಹಳೇ ಗಾಡಿ ಏರು ಹತ್ತಿಬಿಟ್ಟಿತು. ಶೇಖಸಾಬನ ಕಣ್ಣು ತುಂಬಿ ಬಂದವು. ಯಾರೂ ನೋಡಲಿಲ್ಲ, ಒರೆಸಿಕೊಂಡ.

ಮರುದಿನ ಸವಣೂರಿನ ಎಲೆ ಪೇಟೆಯಲ್ಲಿ ಜನವೋ ಜನ. "ಏನ್ ಮಾಡಿಸಿದಿ ಕರಬಸಪ್ಪಾ?" ಎಂದು ಎಲ್ಲರೂ ಕೇಳುವವರೇ. ಶೇಖಸಾಬ ತೊಳೆದ ಅಂಗಿ ತೊಟ್ಟು ಬಂದು ಒಂದು ಪಕ್ಕಕ್ಕೆ ನಿಂತಿದ್ದ.

ಕರಬಸಪ್ಪ ಅವನನ್ನು ನೋಡಿದ. ನೋಡಿಯೇ ಹೇಳಿದ: "ನಮ್ಮವ್ವ ಹುಣಸಿಹಣ್ಣು ಹಚ್ಚಿ ತಿಕ್ಕಿದ್ಲು ನೋಡ್ರಿ. ಒಳಗಿನ ಕೊಳಿ ಎಲ್ಲಾ ಹೋತು. ಈ ಸಾಬ ನಟ್ಟು ಬೋಲ್ಟು ಬಿಗದಾನ."

ಜನ ತಲೆದೂಗಿದರು. ದುಡ್ಡಿದ್ದವನು ಹೇಳಿದರೆ ತಲೆದೂಗುವ ಮಂದಿ ಸವಣೂರಿನಲ್ಲಿ ಯಾವತ್ತೂ ಕಮ್ಮಿಯಿಲ್ಲ.

ಎಂಟು ದಿನವಾಗಿರಬೇಕು. ಹಂಸಭಾವಿಯ ಗುದ್ಲೆಪ್ಪ ಎಂಬ ಲಾರಿ ಸಾಹುಕಾರ ತನ್ನ ಎಂಜಿನ್ನಿನ ಹೆಡ್ಡನ್ನು ಗೋಣಿಚೀಲದಲ್ಲಿ ಹೊರಿಸಿಕೊಂಡು ಬಂದು ಬಂಕಾಪುರದ ಶೆಡ್ಡಿನ ಮುಂದೆ ನಿಂತ. ಶೇಖಸಾಬನ ಎದೆ ಒಮ್ಮೆ ಅರಳಿತು.

"ಸವಣೂರಾಗ ಅದ್ಯಾರೋ ಮುದುಕಿ ಹೆಡ್ಡು ತಿಕ್ಕಿ ಕೊಡ್ತಾಳಂತಲ್ಲ," ಎಂದ ಗುದ್ಲೆಪ್ಪ. "ಆ ಮನಿ ಎಲ್ಲಿ ಬರ್ತೈತಿ?"

ಶೇಖಸಾಬ ಎದ್ದು ಬಂದ. ಚೀಲದ ಬಾಯಿ ಬಿಚ್ಚಿದ. ಗ್ರೀಸು ಮೆತ್ತಿದ ಎರಡೂ ಅಂಗೈಗಳನ್ನು ಹೆಡ್ಡಿನ ಮೇಲೆ, ಈ ತುದಿಯಿಂದ ಆ ತುದಿಯವರೆಗೆ ಸವರಿದ.

"ಎಲಿ ಪ್ಯಾಟಿ ಹಿಂದಿನ ದೊಡ್ಡ ಮನಿರಿ," ಎಂದ. "ಶೇಖಸಾಬ ಮುಟ್ಟ್ಯಾನ ಅಂತ ಹೇಳ್ರಿ. ಛಲೋ ತಿಕ್ಕ್ತಾಳ."