ರುಚಿ ನೋಡುವವಳು

ಪ್ಲಗ್ ಸಾಕೆಟ್ಟಿನಲ್ಲಿ ಸರಿಯಾಗಿ ಕೂರಲಿಲ್ಲ. ಬಸ್ ಡಿಪೋದಲ್ಲಿ ಸೀಟು ಹೊಲಿಯುವವಳು ಅದನ್ನು ಕಿತ್ತು, ಅಡುಗೆಮನೆಯ ಕಟ್ಟೆಯ ಮೇಲೆ ಬಾಗಿ ಇನ್ನೊಮ್ಮೆ ಒತ್ತಿದಳು. ಸ್ಲೋ ಕುಕ್ಕರಿನ ಕೆಂಪು ದೀಪ ಹತ್ತಿತು. ಹೊತ್ತು ತರುವಾಗ ಚೆಲ್ಲದಿರಲೆಂದು ಮುಚ್ಚಳಕ್ಕೆ ಬಿಗಿದಿದ್ದ ರಬ್ಬರ್ ಪಟ್ಟಿಯನ್ನು ಬಿಚ್ಚಿ ತಿರುಗಿದರೆ, ಬಾಗಿಲಲ್ಲಿ ಸತ್ತವನ ಹೆಂಡತಿ ನಿಂತಿದ್ದಳು.

“ಯಾರು ಹೇಳಿದ್ರು ಇದನ್ನ ತರೋಕೆ?”

“ಯಾರೂ ಹೇಳಿಲ್ಲ ಅಕ್ಕ. ಜನ ಬರ್ತಾರೆ, ಮನೇಲಿ ಒಲೆ ಹಚ್ಚೋರು ಯಾರು ಅಂತ...”

“ನಾನು ನಿಮಗೆ ಅಕ್ಕ ಅಲ್ಲ.”

ಸೀಟು ಹೊಲಿಯುವವಳು ರಬ್ಬರ್ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಅತ್ತು ಅತ್ತು ಅವಳ ರೆಪ್ಪೆಗಳು ಊದಿದ್ದವು. “ಪಾಸ್ತಾ ಬೇಯಿಸಿಕೊಂಡರೆ ಆಯ್ತು” ಎಂದು ಗೋಡೆಗೆ ಹೇಳುವಂತೆ ಹೇಳಿ, ಪಕ್ಕಕ್ಕೆ ಸರಿದು ಹೊರಗೆ ಹೋದಳು.

ಮಣ್ಣು ಮಾಡಿ ಬಂದು ಹೆಚ್ಚು ಹೊತ್ತಾಗಿರಲಿಲ್ಲ. ಸತ್ತವನು ಬಸ್ ಡಿಪೋದ ಮೆಕ್ಯಾನಿಕ್. ಗುರುವಾರ ಬಸ್ಸಿನ ಅಡಿಯ ಗುಂಡಿಯಿಂದ ಮೇಲೆ ಬಂದು, ಕೈ ತೊಳೆದು, ಬೆಂಚಿನ ಮೇಲೆ ಕೂತವನು ಏಳಲಿಲ್ಲ. ಇವತ್ತು ಭಾನುವಾರ. ಎಲ್ಲ ಭಾನುವಾರಗಳಂತೆ ಈ ಹೊತ್ತಿಗೆ ಈ ಅಡುಗೆಮನೆಯಲ್ಲಿ ಕೈಮಾ ಸಾಸಿನ ಘಮ ತುಂಬಿತ್ತು. ಮಾಡಿದ ಕೈ ಮಾತ್ರ ಅವನದಲ್ಲ.

ಹೆಂಡತಿ ಮುಚ್ಚಳ ಎತ್ತಿ, ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಕೆಂಪಗೆ ಹುರಿದ ಕೈಮಾ, ಕರಗಿಹೋದ ಈರುಳ್ಳಿ, ಗಜ್ಜರಿ, ಟೊಮೆಟೊ, ಕೊನೆಯಲ್ಲಿ ಹಾಕಿದ ಹಾಲು. ಅಷ್ಟಾದರೆ ಯಾರ ಮನೆಯದೂ ಆಗಬಹುದು. ನುಂಗಿದ ಮೇಲೆ ಗಂಟಲಿನ ಹಿಂದಿನಿಂದ ಅದು ಎದ್ದು ಬಂತು. ಕಿತ್ತಳೆ ಸಿಪ್ಪೆ.

ಕಿತ್ತಳೆ ಸಿಪ್ಪೆಯ ವಿಷಯ ಗಂಡ ಯಾರಿಗೂ ಹೇಳುತ್ತಿರಲಿಲ್ಲ. ಸ್ವಂತ ಅಕ್ಕ ಕೇಳಿದಾಗಲೂ “ಕೈಗುಣ” ಎಂದು ನಕ್ಕಿದ್ದ. ಸಾಸ್ ಆಗುವ ಸ್ವಲ್ಪ ಮುಂಚೆ ಆ ಚೂರನ್ನು ಆರಿಸಿ ತೆಗೆದು, ಕಾಗದದಲ್ಲಿ ಸುತ್ತಿ ಎಸೆಯುತ್ತಿದ್ದ. ಆ ಕಾಗದ ಬಿಚ್ಚಿ ನೋಡಿದ್ದವಳು ಹೆಂಡತಿಯೊಬ್ಬಳೇ.

ಅವಳು ಮುಚ್ಚಳ ಮುಚ್ಚಿದಳು.

*

ಮದುವೆಯಾದ ಹೊಸದರಲ್ಲಿ ಅವನು ಅದನ್ನು ಒಲೆಯ ಮೇಲೆ ಮಾಡುತ್ತಿದ್ದ. ಮಧ್ಯಾಹ್ನವಿಡೀ ಪಾತ್ರೆಯ ಮುಂದೆ ನಿಂತು ಕಲಕುತ್ತಿದ್ದ, ಮೂಸುತ್ತಿದ್ದ, ಅವಳು ಒಳಗೆ ಬಂದರೆ ಸೌಟು ತೋರಿಸಿ ಅಟ್ಟುತ್ತಿದ್ದ. ಮಗಳ ಮದುವೆಯಾದ ಸ್ವಲ್ಪ ದಿನಕ್ಕೆ ಇದ್ದಕ್ಕಿದ್ದಂತೆ ಸ್ಲೋ ಕುಕ್ಕರ್ ತಂದ. “ರಾತ್ರಿ ಹಾಕಿ ಮಲಗಿದರೆ ಬೆಳಿಗ್ಗೆ ಆಗಿರುತ್ತೆ. ತಳ ಹಿಡಿಯೋ ಭಯ ಇಲ್ಲ” ಎಂದ. ಅವಳು ಸೋಮಾರಿತನ ಅಂದುಕೊಂಡಳು.

ಆಮೇಲೆ ಡಬ್ಬಿ ಶುರುವಾಯಿತು. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಕುಕ್ಕರಿನ ಒಳಗೋಡೆಯಲ್ಲಿ ಸಾಸ್ ಇದ್ದ ಗುರುತು ಮೇಲಿರುತ್ತಿತ್ತು, ಸಾಸ್ ಕೆಳಗಿರುತ್ತಿತ್ತು. ಗಂಡ ಡಬ್ಬಿಯೊಂದನ್ನು ಚೀಲದಲ್ಲಿಟ್ಟುಕೊಂಡು ಬ್ರೆಡ್ ತರಲು ಹೋಗಿರುತ್ತಿದ್ದ. ಬ್ರೆಡ್ಡಿನ ಅಂಗಡಿ ರಸ್ತೆಯ ಮೂಲೆಯಲ್ಲೇ ಇತ್ತು. ಅವನು ಹಿಂದಿರುಗುವಾಗ ಬ್ರೆಡ್ ತಣ್ಣಗಾಗಿರುತ್ತಿತ್ತು. ಬಂದವನೇ ಅಡುಗೆಮನೆಯ ಬಾಗಿಲು ಹಾಕಿಕೊಂಡು ಸಾಸಿಗೆ ಏನೋ ಒಂದಿಷ್ಟು ಸೇರಿಸುತ್ತಿದ್ದ.

ಅವಳು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ಬಟ್ಟೆ ತೆಗೆದುಕೊಳ್ಳುವವಳು. ಜೇಬು ತಡಕುವುದು, ಕಲೆ ಗುರುತಿಸುವುದು, ಕಾಲರ್ ಮೂಸುವುದು ಅವಳ ಕೆಲಸ. ಯಾರ ಗಂಡ ಯಾವ ಕಡೆ ವಾಲಿದ್ದಾನೆ ಎಂಬುದು ಆ ಮನೆಯ ಹೆಂಡತಿಗಿಂತ ಮೊದಲು ಅವಳಿಗೆ ತಿಳಿಯುತ್ತಿತ್ತು. ಸ್ವಂತ ಗಂಡನ ಬಟ್ಟೆಯಲ್ಲಿ ಗ್ರೀಸು, ಡೀಸೆಲ್ ಬಿಟ್ಟರೆ ಏನೂ ಸಿಗುತ್ತಿರಲಿಲ್ಲ. ಏನೂ ಸಿಗದಿರುವುದೇ ಅವಳ ನಿದ್ದೆ ಕೆಡಿಸಿತು.

ಒಂದು ದಿನ ಅವನ ಒಗೆದ ಅಂಗಿಯ ಕಾಲರಿಗೆ ತಾನೇ ಹೆಂಗಸರ ಸೆಂಟನ್ನು ಧಾರಾಳವಾಗಿ ಸಿಂಪಡಿಸಿ ಮೊಳೆಗೆ ತಗುಲಿಹಾಕಿದಳು. ತಪ್ಪಿಲ್ಲದವನಾದರೆ ಇದೇನು ವಾಸನೆ ಎಂದು ಕೇಳುತ್ತಾನೆ. ತಪ್ಪಿದ್ದವನಾದರೆ ಬೆಚ್ಚುತ್ತಾನೆ. ಅವನು ಎರಡೂ ಮಾಡಲಿಲ್ಲ. ಅಂಗಿ ತೊಟ್ಟು, ಗುಂಡಿ ಹಾಕಿಕೊಂಡು, ಟೀ ಕುಡಿದು, “ಬರ್ತೀನಿ” ಎಂದು ಹೋದ. ಎಂಥ ಎದೆಗಾರಿಕೆ ಎಂದು ಅವಳು ಬಾಗಿಲಲ್ಲೇ ನಿಂತಳು. ಸಂಜೆ ಅವನು ಒದ್ದೆ ಅಂಗಿಯಲ್ಲಿ ಮನೆಗೆ ಬಂದ. ಕಾಲರಿನಲ್ಲಿ ಡಿಪೋದ ಸೋಪಿನ ವಾಸನೆ ಮಾತ್ರ ಇತ್ತು. ಸಾಕ್ಷಿ ತೊಳೆದುಕೊಂಡು ಬಂದಿದ್ದಾನೆ!

*

“ಯಾರೇ ಅದು?” ನಡುಮನೆಯಲ್ಲಿ ಗಂಡನ ಅಕ್ಕ ಅವಳ ಸೆರಗು ಜಗ್ಗಿ ಪಕ್ಕದಲ್ಲಿ ಕೂರಿಸಿಕೊಂಡಳು. “ಆ ಕಿಟಕಿ ಹತ್ರ ನಿಂತಿದಾಳಲ್ಲ. ಅಳೋದ್ರಲ್ಲಿ ನಮಗಿಂತ ಒಂದು ಕೈ ಮೇಲು.”

“ಡಿಪೋದವರಂತೆ, ಅತ್ತಿಗೆ.”

“ಡಿಪೋದಲ್ಲಿ ಇನ್ನೂರು ಜನ ಇದಾರೆ. ಇವಳೊಬ್ಬಳೇ ಪಾತ್ರೆ ಹೊತ್ಕೊಂಡು ಬಂದಿರೋದು. ನಮ್ಮ ತಮ್ಮ ದೇವರಂಥವನು, ನಾನೇನೂ ಹೇಳಲ್ಲಪ್ಪ. ಆದ್ರೂ ಹೊಗೆ ಇದ್ದ ಕಡೆ ಬೆಂಕಿ ಇರುತ್ತೆ.”

“ಸುಮ್ನಿರಿ ಅತ್ತಿಗೆ.”

“ನಾನು ಸುಮ್ನಿರ್ತೀನಿ. ಊರು ಸುಮ್ನಿರುತ್ತಾ?”

ಎದುರಿನ ಕುರ್ಚಿಯಲ್ಲಿ ಡಿಪೋದ ಟೈರಣ್ಣ ಕೂತಿದ್ದ. ಟೈರ್ ಬದಲಿಸುವ ಕೆಲಸದಿಂದಲೋ ಹೊಟ್ಟೆಯಿಂದಲೋ ಆ ಹೆಸರು ಬಂದಿತ್ತು. ಹೆಂಡತಿ ಅವನನ್ನು ವರಾಂಡಕ್ಕೆ ಕರೆದಳು.

“ಅವರು ಯಾರು ಅಣ್ಣ?”

“ಸೀಟು ಹೊಲಿಯೋರು. ಹರಿದ ಸೀಟಿಗೆಲ್ಲ ಅವರದೇ ರಿಪೇರಿ. ಒಬ್ಬರೇ ಇದಾರೆ, ಡಿಪೋ ಹಿಂದಿನ ಕ್ವಾರ್ಟರ್ಸಲ್ಲಿ.”

“ಇವರಿಗೂ ಅವರಿಗೂ...”

ಟೈರಣ್ಣ ತನ್ನ ಚಪ್ಪಲಿ ನೋಡಿಕೊಂಡ. “ಮಧ್ಯಾಹ್ನದ ಡಬ್ಬಿ ಒಟ್ಟಿಗೇ ಬಿಚ್ಚೋರು. ಅವರು ಮೊದಲು ಒಂದು ತುತ್ತು ತಿಂದು ನೋಡಿ, ಆಮೇಲೆ ಇವನು. ನಾವು ತಮಾಷೆ ಮಾಡ್ತಿದ್ವಿ, ರಾಜರ ಕಾಲದಲ್ಲಿ ವಿಷ ಇದೆಯಾ ಅಂತ ನೋಡೋಕೆ ಆಳು ಇರ್ತಿದ್ರಲ್ಲ ಹಾಗೆ ಅಂತ. ಅಷ್ಟೇ ತಾಯಿ. ಬೇರೇನೂ ನಾನು ನೋಡಿಲ್ಲ.”

ನೋಡಿಲ್ಲ ಎಂದ. ಇಲ್ಲ ಎನ್ನಲಿಲ್ಲ. ವ್ಯತ್ಯಾಸ ಅವಳಿಗೆ ತಿಳಿಯಿತು.

*

ಅವಳು ನೋಡಿದ್ದಳು. ಒಂದು ಭಾನುವಾರ, ತಲೆಗೆ ಶಾಲು ಸುತ್ತಿಕೊಂಡು ಅವನ ಹಿಂದೆಯೇ ನಡೆದಿದ್ದಳು. ಬ್ರೆಡ್ಡಿನ ಅಂಗಡಿ ದಾಟಿ, ಡಿಪೋದ ಗೋಡೆ ಬಳಸಿ, ಸಾಲುಮನೆಗಳ ನಡುವೆ ಅವನು ಒಂದು ಬಾಗಿಲು ತಟ್ಟಿದ. ಅವಳು ನೀರಿನ ಟ್ಯಾಂಕಿನ ಕಂಬದ ಮರೆಯಲ್ಲಿ ನಿಂತಳು.

ಬಾಗಿಲು ತೆರೆದ ಹೆಂಗಸು ಕೈಯಲ್ಲಿ ಚಮಚ ಹಿಡಿದೇ ಬಂದಳು. ಗಂಡ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದ. ಅವಳು ಹೊಸ್ತಿಲಲ್ಲೇ ನಿಂತು, ಕಣ್ಣು ಮುಚ್ಚಿ, ಒಂದು ಚಮಚ ಬಾಯಿಗಿಟ್ಟುಕೊಂಡಳು. ಅವನು ಅವಳ ಮುಖವನ್ನೇ ನೋಡುತ್ತ ನಿಂತಿದ್ದ. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ, ಉಸಿರು ಬಿಗಿಹಿಡಿದು.

ಅಷ್ಟು ಆಸೆಯಿಂದ ಅವನು ತನ್ನ ಮುಖವನ್ನು ಯಾವತ್ತು ನೋಡಿದ್ದ ಎಂದು ಹೆಂಡತಿ ನೆನೆಸಿಕೊಳ್ಳಲು ಯತ್ನಿಸಿದಳು. ಅವನು ಒಳಗೆ ಹೋಗಿದ್ದರೆ ಜಗಳವಾಡಬಹುದಿತ್ತು. ಅವನು ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಆಚೆಯ ಈ ಕೆಲಸಕ್ಕೆ ಬೈಯಲು ಅವಳಿಗೆ ಮಾತೇ ಸಿಗಲಿಲ್ಲ. ಮನೆಗೆ ಬಂದು, ಮಧ್ಯಾಹ್ನ ತಟ್ಟೆಗೆ ಬಿದ್ದ ಪಾಸ್ತಾವನ್ನು ತಿಂದಳು. “ಹೇಗಿದೆ?” ಎಂದು ಅವನು ಕೇಳಿದ. “ಇದೆ” ಎಂದಳು. ಅಂದಿನಿಂದ ಪ್ರತಿ ಭಾನುವಾರ ಅವನು ಕೇಳುತ್ತಿದ್ದ, ಅವಳು ಅಷ್ಟನ್ನೇ ಹೇಳುತ್ತಿದ್ದಳು.

*

ಅಡುಗೆಮನೆಯಲ್ಲಿ ಮಗಳು ದೊಡ್ಡ ಪಾತ್ರೆಯಲ್ಲಿ ನೀರು ಕುದಿಸುತ್ತಿದ್ದಳು. “ಅಮ್ಮ, ಅವರನ್ನ ಕರಿ. ಪಾಸ್ತಾ ಎಷ್ಟು ಹಾಕ್ಲಿ ಕೇಳ್ಬೇಕು.”

“ನೀನು ಹೊರಗೆ ಹೋಗಿ ತಟ್ಟೆ ಜೋಡಿಸು. ಅವರನ್ನ ಇಲ್ಲಿಗೆ ಕಳಿಸು.”

ಸೀಟು ಹೊಲಿಯುವವಳು ಬಂದಳು. ಹೆಂಡತಿ ಬಾಗಿಲು ಹಾಕಿದಳು.

“ಕಿತ್ತಳೆ ಸಿಪ್ಪೆ ಯಾರು ಹೇಳಿಕೊಟ್ರು?”

“ಅವರೇ.”

“ನನ್ನ ಗಂಡ ಭಾನುವಾರ ನಿಮ್ಮ ಮನೆ ಬಾಗಿಲಿಗೆ ಯಾಕೆ ಬರ್ತಿದ್ರು? ನಾನು ಕಣ್ಣಾರೆ ನೋಡಿದೀನಿ. ಇವತ್ತು ಸುಳ್ಳು ಹೇಳ್ಬೇಡಿ.”

“ಯಾರಿಗೂ ಹೇಳ್ಬೇಡ ಅಂದಿದ್ರು. ನೀವು ಬೇರೆ ಏನೋ ಅಂದುಕೊಳ್ಳೋದಕ್ಕಿಂತ ಹೇಳೋದೇ ವಾಸಿ. ಅವರಿಗೆ ವಾಸನೆ ಗೊತ್ತಾಗ್ತಿರ್ಲಿಲ್ಲ.”

“ಏನು?”

“ಮೂಗು ಹೋಗಿತ್ತು. ಉಪ್ಪು, ಹುಳಿ, ಸಿಹಿ ಅವರೇ ಹೇಳೋರು, ನಾಲಿಗೆ ಸರಿಯಿತ್ತು. ಉಳಿದದ್ದೇನೂ ಇಲ್ಲ. ಒಂದಿನ ನನ್ನ ಮಷೀನಿನ ಮೋಟಾರ್ ಸುಟ್ಟು ನಾತ ಹೊಡೀತು, ಎಲ್ರೂ ಹೊರಗೆ ಓಡಿದ್ವಿ. ಅವರು ನನ್ನ ಬೆನ್ನ ಹಿಂದೇನೇ ಕೂತು ಊಟ ಮಾಡ್ತಿದ್ರು. ಆಗ ಗೊತ್ತಾಯ್ತು. ಡಿಪೋದಲ್ಲಿ ತಿಳಿದ್ರೆ ಮೆಕ್ಯಾನಿಕ್ ಕೆಲಸದಿಂದ ತೆಗೆದು ಗೇಟಲ್ಲಿ ಕೂರಿಸ್ತಾರೆ ಅಂತ ಕೈ ಮುಗಿದ್ರು. ಸಾಸು ಹಳಸಿದೆಯಾ, ಸಿಪ್ಪೆ ಹೆಚ್ಚಾಯ್ತಾ, ಹೋದ ವಾರದ ಥರಾನೇ ಇದೆಯಾ ಅಂತ ನೋಡೋಕೆ ತರ್ತಿದ್ರು. ಮನೇಲಿ ಅವಳಿಗೆ ರುಚಿ ಬದಲಾಗಬಾರದು ಅನ್ನೋರು.”

ಹೆಂಡತಿ ನಕ್ಕಳು. ಒಳ್ಳೆಯ ನಗು ಅಲ್ಲ. “ಚೆನ್ನಾಗಿ ಹೊಲಿದಿದೀರಿ. ಒಂದು ಎಳೆನೂ ಹೊರಗೆ ಕಾಣಲ್ಲ. ಸತ್ತವರು ಎದ್ದು ಬಂದು ಹೌದು ಅಲ್ಲ ಅನ್ನಲ್ಲ, ಅಲ್ವಾ?”

“ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ನಾನು ಗಂಟು ಕಟ್ಕೊಂಡು ಹೋಗೋದೇನಿದೆ?” ಸೀಟು ಹೊಲಿಯುವವಳ ದನಿ ಮೊದಲ ಸಲ ಗಟ್ಟಿಯಾಯಿತು. “ಪಾಪದ ಮನುಷ್ಯ. ಒಂದ್ಸಲ ಹೆಂಗಸರ ಸೆಂಟು ಬಿದ್ದ ಅಂಗಿ ಹಾಕ್ಕೊಂಡು ಡಿಪೋಗೆ ಬಂದ್ರು. ಇಡೀ ಶೆಡ್ಡೇ ನಗ್ತು. ಯಾಕೆ ನಗ್ತಾರೆ ಅಂತ ನನ್ನ ಕೇಳ್ತಾರೆ! ಹೇಳಿದ ಮೇಲೆ ಓಡಿಹೋಗಿ ಅಂಗಿ ಬಿಚ್ಚಿ ನಲ್ಲಿ ಕೆಳಗೆ ಹಿಡಿದ್ರು. ಎಲ್ಲಿಂದ ಬಂತು ಅಂತ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.”

ನೀರು ಉಕ್ಕಿ ಒಲೆಯ ಮೇಲೆ ಸುರಿಯಿತು. ಸೀಟು ಹೊಲಿಯುವವಳೇ ಮುಂದೆ ಬಂದು ಉರಿ ಸಣ್ಣ ಮಾಡಿದಳು.

ಸೆಂಟು ಎಲ್ಲಿಂದ ಬಂತು ಎಂಬುದು ಈ ಲೋಕದಲ್ಲಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

“ಯಾವಾಗಿನಿಂದ?” ಎಂದಳು ಹೆಂಡತಿ. ಕೇಳುವಾಗ ದನಿ ಇಳಿದಿತ್ತು.

“ಅದೆಲ್ಲ ಈಗ ಯಾಕೆ...”

“ಹೇಳಿ.”

“ಮಗಳ ಮದುವೆ ಸಮಯದಲ್ಲಿ ಪರದೆ ಹಾಕೋವಾಗ ಬಿದ್ರಂತಲ್ಲ. ತಲೆ ಹಿಂಭಾಗಕ್ಕೆ ಪೆಟ್ಟಾಗಿ ಒಳಗೆ ವಾಸನೆ ಹಿಡಿಯೋ ನರ ಹರಿದಿದೆ, ಇನ್ನು ಕೂಡಲ್ಲ ಅಂತ ಡಾಕ್ಟರು ಹೇಳಿದ್ರಂತೆ. ಮನೇಲಾದ್ರೂ ಹೇಳಿ ಅಂತ ನಾನು ಎಷ್ಟು ಸಲ ಅಂದೆ. ಅದೊಂದು ಬೇಡ ಅಂದ್ಬಿಡೋರು. ಯಾಕೆ ಅಂತ ಹೇಳ್ಲಿಲ್ಲ. ನಿಮಗೆ ಗೊತ್ತಿರಬಹುದು.”

ಗೊತ್ತಿತ್ತು. ನಾಳೆ ಡಿಪೋದಿಂದ ಏಣಿ ತರ್ತೀನಿ ಎಂದಿದ್ದ ಅವನು. ಬೀಗರು ಸಂಜೆಗೇ ಬರುವವರಿದ್ದರು. “ಬಸ್ಸು ಬಿಚ್ಚೋ ಗಂಡಸಿಗೆ ಒಂದು ಪರದೆ ಹಾಕೋಕೆ ಏಣಿ ಬೇಕಂತೆ” ಎಂದು ಅವಳೇ ಎಲ್ಲರೆದುರು ಆಡಿಕೊಂಡು, ಅವಳೇ ಸ್ಟೂಲು ಎಳೆದು ತಂದಿಟ್ಟಿದ್ದಳು. ಬಿದ್ದವನು ತಲೆ ಉಜ್ಜಿಕೊಳ್ಳುತ್ತ ನಕ್ಕಿದ್ದ. ಅವಳೂ ನಕ್ಕಿದ್ದಳು. ಪರದೆ ಚೆನ್ನಾಗಿ ಕೂತಿತ್ತು.

“ಪಾಸ್ತಾ ಪೂರ್ತಿ ಹಾಕಿ” ಎಂದಳು. “ಜನ ಜಾಸ್ತಿ ಇದಾರೆ.”

ಊಟಕ್ಕೆ ಎಲ್ಲರೂ ಕೂತರು. ಮಗಳು ಬಡಿಸಿದಳು. ಟೈರಣ್ಣ ಮೊದಲ ತುತ್ತಿಗೇ ತಲೆಯಾಡಿಸಿ, “ಅವನ ಕೈಯದೇ” ಎಂದು, ಹೇಳಬಾರದಿತ್ತೇನೋ ಎಂಬಂತೆ ತಟ್ಟೆಯ ಮೇಲೆ ಬಗ್ಗಿದ. ಸೀಟು ಹೊಲಿಯುವವಳು ಬಾಗಿಲ ಬಳಿ ಚಪ್ಪಲಿ ಹುಡುಕುತ್ತಿದ್ದಳು.

“ಎಲ್ಲಿಗೆ?” ಹೆಂಡತಿ ತನ್ನ ಪಕ್ಕದ ಕುರ್ಚಿ ಎಳೆದಳು. “ಕೂತ್ಕೊಳ್ಳಿ.”

ಅತ್ತಿಗೆ ಈ ಕಡೆಯಿಂದ ಬಗ್ಗಿದಳು. “ಏನಂತೆ ಕಣೆ ಅವಳು? ಬಾಗಿಲು ಹಾಕ್ಕೊಂಡು ಅಷ್ಟೊತ್ತು ಏನು ಮಾತು?”

ಹೆಂಡತಿ ತಟ್ಟೆಯಿಂದ ಸಾಸು ಹತ್ತಿದ ಪಾಸ್ತಾವನ್ನು ಚಮಚದಲ್ಲಿ ತುಂಬಿಕೊಂಡಳು. ಎಡಗೈಯ ಎರಡು ಬೆರಳಿನಿಂದ ಮೂಗನ್ನು ಬಿಗಿಯಾಗಿ ಹಿಡಿದು ಬಾಯಿಗಿಟ್ಟುಕೊಂಡಳು. ಅತ್ತಿಗೆಯ ಚಮಚ ಗಾಳಿಯಲ್ಲೇ ನಿಂತಿತು. ಮಗಳು “ಅಮ್ಮ?” ಎಂದಳು. ಹೆಂಡತಿ ಮೂಗು ಬಿಡದೆ ನಿಧಾನವಾಗಿ ಅಗಿದಳು. ಬಿಸಿ ಇತ್ತು. ಉಪ್ಪು ಇತ್ತು. ಟೊಮೆಟೊದ ಒಂದಿಷ್ಟು ಹುಳಿ ಇತ್ತು. ಅವಳು ಕಣ್ಣು ಮುಚ್ಚಿ, ಇನ್ನೂ ಅಗಿಯುತ್ತ, ಉಳಿದದ್ದು ಬರುತ್ತದೇನೋ ಎಂದು ಕಾದಳು.