ಈಶ್ವರಪ್ಪನ ಮೂಗು

ಯಾರೋ ಫ್ಯಾನಿನ ವಾಯರು ಎಳೆದುಕೊಂಡು ಹಿತ್ತಲಿಗೆ ಹೋದರು, ಅಲ್ಲಿಯ ಪ್ಲಗ್ಗಿನಿಂದ ಏನನ್ನೋ ಕಿತ್ತರು. ಗುಳುಗುಳು ಸದ್ದು ನಿಂತಿತು. ಗಂಡನ ಹೆಣದ ಪಕ್ಕದಲ್ಲಿ ಕೂತಿದ್ದ ಶಿವವ್ವ ಹಿತ್ತಲ ಕಡೆ ಕತ್ತು ತಿರುಗಿಸಿದಳು.

ಈಶ್ವರಪ್ಪನನ್ನು ಪಡಸಾಲೆಯ ಗೋಡೆಗೆ ಆನಿಸಿ ಕೂಡಿಸಿ, ಹಣೆತುಂಬ ವಿಭೂತಿ ಬಳಿದಿದ್ದರು. ಅವನ ಮರ್ಯಾದೆಗೆ ಬನಹಟ್ಟಿಯ ಆ ಓಣಿಯ ಮಗ್ಗಗಳೆಲ್ಲ ಬಂದಾಗಿದ್ದವು. ನಲವತ್ತು ವರ್ಷ ಮಗ್ಗ ನಡೆಸಿದವನಿಗೆ ಅಷ್ಟಾದರೂ ಸಲ್ಲಬೇಕಲ್ಲ. ಓಣಿ ಅಷ್ಟು ತಣ್ಣಗಿದ್ದುದರಿಂದಲೇ ಹಿತ್ತಲಿನ ಡ್ರಮ್ಮಿನ ಸದ್ದು ಬೆಳಗಿನಿಂದ ಅವಳ ಕಿವಿಗೆ ಬೀಳುತ್ತಿತ್ತು. ನಿನ್ನೆ ಮುಂಜಾನೆ ಅವನೇ ಹಚ್ಚಿದ್ದು. ಎರೆಗೊಬ್ಬರವನ್ನು ಅರಿವೆಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟು, ಒಂದು ಹಿಡಿ ಬೆಲ್ಲ ಹಾಕಿ, ಮೀನಿನ ತೊಟ್ಟಿಗೆ ಗಾಳಿ ಊದುವ ಸಣ್ಣ ಮಷೀನಿನ ನಳಿಗೆಯನ್ನು ತಳಕ್ಕೆ ಬಿಟ್ಟಿದ್ದ. ಗಿಡಕ್ಕೆ ಹಾಕುವ ಆ ನೀರಿಗೆ ಗೊಬ್ಬರದ ಚಹಾ ಅಂತ ಅವನೇ ಹೆಸರಿಟ್ಟಿದ್ದ. ಸಂಜೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಡ್ರಮ್ಮು ಮಾತ್ರ ತನ್ನ ಪಾಡಿಗೆ ತಾನು ಗುಳುಗುಟ್ಟುತ್ತಲೇ ಇತ್ತು.

ಗಾಳಿ ನಿಂತರೆ ನಾಲ್ಕೇ ತಾಸು. ಆಮೇಲೆ ಅದು ಕೊಳೆತು ಬೇರು ಸುಡುತ್ತದೆ. ಗಡಿಯಾರದಲ್ಲಿ ಹತ್ತೂವರೆ. ಗಂಡ ಸತ್ತು ಕೂತಿರುವಾಗ ತನ್ನ ಚಿತ್ತ ಡ್ರಮ್ಮಿನಲ್ಲಿದೆಯಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಕಣ್ಣು ಮಾತ್ರ ಗಡಿಯಾರ ಬಿಡಲಿಲ್ಲ.

"ಯಲ್ಲಾಲಿಂಗಾ," ಹಾದುಹೋಗುತ್ತಿದ್ದ ಮಗನ ಅಂಗಿ ಜಗ್ಗಿದಳು. "ಹಿತ್ತಲ್ದಾಗ ಆ ಪ್ಲಗ್ಗ..."

"ಅಳಬ್ಯಾಡಬೇ ಯವ್ವಾ," ಎಂದು ತಾನೇ ಅತ್ತು, ಹೂವಿನವನ ಕಡೆ ಓಡಿದ.

ಭಜನೆಯವರು ನೀರು ಕುಡಿಯಲು ನಿಂತಾಗ ಪಕ್ಕದ ಮನೆಯ ವಿಠೋಬಾ ಶುರುಮಾಡಿದ. "ಏನ್ ಮೂಗರೀ ಅದು! ಬಗ್ಗಿ ಒಮ್ಮೆ ಉಸರ ಎಳದ್ರ ಸಾಕು. ಹಾಕು, ಇಲ್ಲಾ ಚೆಲ್ಲು. ಎರಡ ಮಾತು. ಓಣಿ ಮಂದೆಲ್ಲಾ ತಮ್ಮ ತಮ್ಮ ಚಹಾ ಬಾಟ್ಲಿ ತುಂಬ್ಕೊಂಡ ಬರ್ತಿದ್ರು, ಈಶ್ವರಪ್ಪಗ ಮೂಸಿಸಾಕ."

"ಖರೆ. ಇನ್ನ ಅಂಥಾ ಮೂಗು ಎಲ್ಲಿಂದ ತರೂದು?" ಎಂದರು ಯಾರೋ.

ಶಿವವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಂದಿ ದುಃಖ ಉಕ್ಕಿತು ಅಂದುಕೊಂಡರು. ಆ ಮೂಗು ಸತ್ತು ನಾಲ್ಕು ವರ್ಷವಾಗಿತ್ತು. ಅದಕ್ಕಾಗಿ ಅತ್ತವರು ಗಂಡಹೆಂಡತಿ ಇಬ್ಬರೇ.

*

ಊರೆಲ್ಲ ಬಾಯಿಗೆ ಬಟ್ಟೆ ಕಟ್ಟಿಕೊಂಡು ತಿರುಗುತ್ತಿದ್ದ ವರ್ಷ ಈಶ್ವರಪ್ಪನಿಗೂ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಅವನು ಯಾರಿಗೂ ಹೇಳಲಿಲ್ಲ. ಎದುರುಮನೆ ಕರೆವ್ವ ಬಾಟಲಿ ತಂದಾಗ ಎಂದಿನಂತೆ ಮೂಸಿ, "ಛಲೋ ಐತಿ, ಹಾಕು," ಎಂದುಬಿಟ್ಟ. ಮೂರೇ ದಿನದಲ್ಲಿ ಅವಳ ಮಲ್ಲಿಗೆ ಬಳ್ಳಿ ಕರಿಗಟ್ಟಿತು. ಬಿಸಿಲಿಗೆ ಹಾಗಾಗಿದೆ ಎಂದು ಅವಳನ್ನು ಕಳಿಸಿ, ಬಾಗಿಲು ಹಾಕಿಕೊಂಡು ಅತ್ತ.

"ಮೂಗ ಹೋತಂದ್ರ ನಾ ಯಾರಲೇ ಶಿವೀ? ಮಗ್ಗ ಬಿಟ್ಟ ಮ್ಯಾಲ ಮಂದಿ ನನ್ನ ಕೇಳ್ಕೊಂಡ ಬರೂದ ಇದೊಂದಕ್ಕ."

ಅವಳು ಬಾಟಲಿಯ ತಳ ಮೂಸಿ ಮುಖ ಹಿಂಡಿದಳು. ಕೊಳೆತ ತತ್ತಿಯ ನಾತ.

"ನನ್ನ ಮೂಗ ಐತೆಲ್ರೀ," ಎಂದಳು. "ನಾ ಬಾಜೂಕ ನಿಂತಿರ್ತೀನಿ. ಛಲೋ ಇದ್ರ ಕೈಯಾಗಿನ ಬಳಿ ಒಮ್ಮೆ ಗಲ್ ಅನಸ್ತೀನಿ. ಸುಮ್ನಿದ್ರ ಚೆಲ್ಲಾಕ ಹೇಳ್ರಿ."

ಅಂದಿನಿಂದ ಈಶ್ವರಪ್ಪ ಉಸಿರೆಳೆದು ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲತೊಡಗಿದ. ಅದೊಂದು ದೊಡ್ಡ ವಿದ್ಯೆ ಎಂದು ಓಣಿ ನಂಬಿತು. ಅವನು ಕಾಯುತ್ತಿದ್ದುದು ಬಳೆಯ ಸದ್ದಿಗೆ. ಆಮೇಲೆ ಒಂದು ಗಿಡವೂ ಸಾಯಲಿಲ್ಲ. "ನನ್ನ ಮೂಗು ನಿನ್ನ ಮುಂಗೈಯಾಗ ಐತಿ ನೋಡು," ಎಂದು ಊಟಕ್ಕೆ ಕೂತಾಗ ಚೇಷ್ಟೆ ಮಾಡುತ್ತಿದ್ದ. ಒಮ್ಮೆ ಮಾತ್ರ ನಗದೆ ಅವಳ ಕೈ ಹಿಡಿದ. "ನಾ ಸತ್ತ ಮ್ಯಾಲೂ ಯಾರ ಮುಂದೂ ಹೇಳಬ್ಯಾಡ." ಅವಳು ಆಣೆ ಮಾಡಿದ್ದಳು.

*

ಹನ್ನೆರಡೂವರೆಗೆ ಈಶ್ವರಪ್ಪನ ಅಕ್ಕ ರತ್ನಾಬಾಯಿ ಸಾವಳಗಿ ಬಸ್ಸಿನಿಂದ ಇಳಿದು ಬಂದಳು. ಬಂದವಳೇ ಅತ್ತು, ಮೂಗು ಒರೆಸಿಕೊಂಡು, ಮಾಡಬೇಕಾದ್ದನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಳು.

"ಕೈ ಕೊಡು ಶಿವವ್ವಾ. ಒಡಿಯೂದು ಬ್ಯಾಡ. ತಗದು ನನ್ನ ತಮ್ಮನ ಉಡಿಯಾಗ ಇಡೂಣು."

ಸಾಬೂನು ನೀರಿನಲ್ಲಿ ಹಸಿರು ಬಳೆಗಳು ಒಂದೊಂದಾಗಿ ಜಾರಿದವು. ಈಶ್ವರಪ್ಪ ಅವುಗಳ ಸಮೇತ ಹೂವಿನ ವಿಮಾನ ಏರಿ ಮಣ್ಣಿಗೆ ಹೊರಟ. ಹೆಂಗಸರು ಓಣಿಯ ತುದಿಯವರೆಗೆ ಹೋಗಿ ತಿರುಗಿದರು. ಶಿವವ್ವ ಎಲ್ಲರಿಗಿಂತ ಮುಂದೆ ನಡೆದಳು, ಹೆಚ್ಚುಕಡಿಮೆ ಓಡಿದಳು. ಪಡಸಾಲೆ ಹೊಕ್ಕಾಗ ಗಡಿಯಾರದಲ್ಲಿ ಒಂದೂಮುಕ್ಕಾಲು.

ಮನೆ ತೊಳೆಯಲು ಎರಡು ಮೂರು ಹೆಂಗಸರೊಂದಿಗೆ ಹಿಂದೆ ಉಳಿದಿದ್ದ ರತ್ನಾಬಾಯಿ ಅಷ್ಟರಲ್ಲಿ ಹಿತ್ತಲು ಸೇರಿ ಡ್ರಮ್ಮಿನ ಮುಚ್ಚಳ ಎತ್ತಿದ್ದಳು. ವಾಸನೆ ಬರುವ ಮುಂಚೆಯೇ ಮೂಗು ಮುಚ್ಚಿದಳು. "ಇದೇನ ರಾಡಿಬೇ! ಗಟಾರಕ್ಕ ಚೆಲ್ಲ್ರಿ."

"ಅದು ನನ್ನ ಮಲ್ಲಿಗಿಗೆ ಅಂತ ಹಚ್ಚಿದ್ರರೀ," ಎಂದಳು ಕರೆವ್ವ. ಅವಳ ಕೈಯಲ್ಲಿ ತಂಬಿಗೆ ಇತ್ತು. "ಹೊಸಾ ಬಳ್ಳಿ ಹಚ್ಚೇನಿ."

"ಕೆಟ್ಟಿದ್ರ? ಹೌದು ಅಲ್ಲ ಅನ್ನಾವ ಹೋದ. ಇನ್ನ ಯಾರಿಗಿ ಗೊತ್ತಾಕ್ಕೈತಿ? ಹಿಡೀರಿ ಆ ಕಡೆ."

ಇಬ್ಬರು ಹೆಂಗಸರು ಡ್ರಮ್ಮಿನ ಅಂಚು ಹಿಡಿದರು.

"ನಿಲ್ರಿ!" ಎಂದು ಶಿವವ್ವ ಅವರ ನಡುವೆ ನುಗ್ಗಿ ಬಗ್ಗಿದಳು. ಮುಖ ನೊರೆಗೆ ತಾಗುವಷ್ಟು ಬಗ್ಗಿ ಉಸಿರೆಳೆದಳು. ಮೊದಲ ಮಳೆ ಬಿದ್ದ ಎರೆಭೂಮಿಯ ವಾಸನೆ. ಕೆಟ್ಟಿರಲಿಲ್ಲ. ಇನ್ನೂ ಮುಕ್ಕಾಲು ತಾಸು ಇತ್ತು. ಛಲೋ ಐತಿ ಅಂದರೆ, ನಿನಗ ಹೆಂಗ ಗೊತ್ತು ಎಂದು ಕೇಳುತ್ತಾರೆ. ಊರೆಲ್ಲ ಅವನ ಮೂಗು ಹೊಗಳಿದ ದಿನವೇ ಆ ಮೂಗು ಹೋಗುತ್ತದೆ. ಸುಮ್ಮನಿದ್ದರೆ ಅವನು ಕೊನೆಗೆ ಮುಟ್ಟಿದ ಕೆಲಸ ಗಟಾರಕ್ಕೆ. ಅವಳಿಗೆ ಅಲ್ಲೇ ಕೂತು ಚೀರಬೇಕೆನಿಸಿತು.

ಅವಳ ಬಲಗೈ ತಾನಾಗಿ ಎದ್ದು ಅಲುಗಿತು. ಸದ್ದು ಬರಲಿಲ್ಲ. ಇನ್ನೊಮ್ಮೆ ಅಲುಗಿತು.

"ಪಾಪ, ಕೈ ನಡಗಾಕತ್ತಾವು. ಒಳಗ ಕರ್ಕೊಂಡ ಹೋಗ್ರಿ," ಎಂದಳು ರತ್ನಾಬಾಯಿ.

ಎಲ್ಲರೂ ಶಿವವ್ವನ ಮುಖ ನೋಡುತ್ತಿದ್ದರು. ನಾಲ್ಕು ವರ್ಷ ಬಾಟಲಿ ಹಿಡಿದು ಆ ಗಂಡಹೆಂಡತಿಯ ಎದುರು ನಿಂತಿದ್ದ ಕರೆವ್ವ ಮಾತ್ರ ಅವಳ ಬರಿ ಮುಂಗೈ ನೋಡುತ್ತಿದ್ದಳು. ನೋಡುತ್ತಲೇ ಹತ್ತಿರ ಬಂದು, ಆ ಕೈಯ ಪಕ್ಕ ತನ್ನ ಕೈ ಎತ್ತಿ ಒಮ್ಮೆ ಅಲುಗಿಸಿದಳು. ತುಂಬು ಬಳೆಗಳು ಗಲ್ ಎಂದವು.

"ಈಶ್ವರಣ್ಣ ಹಾಕು ಅಂದಾರ, ಬಿಡ್ರಿ," ಎಂದು ಡ್ರಮ್ಮು ಹಿಡಿದವರಿಗೆ ಹೇಳಿ, ತಂಬಿಗೆ ಮುಳುಗಿಸಿದಳು. ನೊರೆ ಅವಳ ಬಳೆಗಳವರೆಗೂ ಬಂತು.