ಪುನರ್ಪುಳಿ ಕುಡಿದ ಭೂರ್ಜ

ಹಿಮಾಲಯದ ಮೂರು ಸಾವಿರದ ಒಂಬೈನೂರು ಮೀಟರ್ ಎತ್ತರದಿಂದ ನಾನು ಮಗುವಿನಂತೆ ಜೋಪಾನ ಮಾಡಿ ತಂದಿದ್ದ ಮರದ ಕಡ್ಡಿಯನ್ನು ಮುಂಬೈ ಫೋರ್ಟಿನ ಹೋಟೆಲಿನಲ್ಲಿ ಯಾರೋ ಬಾಯಿಗಿಟ್ಟು ಹೀರಿದ್ದಾರೆ ಎಂದು ನನಗೆ ತಿಳಿದದ್ದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ. ನನ್ನ ಫೆಲೋಶಿಪ್ ಮುಂದುವರಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಸಮಿತಿ ಗೋರೆಗಾಂವ್‌ನಲ್ಲಿ ಸೇರುವುದು ಬುಧವಾರ ಹನ್ನೊಂದಕ್ಕೆ. ಅಂದರೆ ಇಪ್ಪತ್ತನಾಲ್ಕು ಗಂಟೆ. ಇಂಥ ಲೆಕ್ಕ ನನಗೆ ತಕ್ಷಣ ಬರುತ್ತದೆ. ಗಾಬರಿಬೀಳುವವರಿಗೆ ಬೇರೆ ವಿದ್ಯೆ ಬರದಿದ್ದರೂ ಇದೊಂದು ಬರುತ್ತದೆ.

ಕಡ್ಡಿ ಎಂದರೆ ಏನೆಂದು ಹೇಳಬೇಕು. ಬೆಟ್ಟ ಹತ್ತುತ್ತ ಹೋದರೆ ಒಂದು ಎತ್ತರದಲ್ಲಿ ಕಾಡು ನಿಂತುಬಿಡುತ್ತದೆ. ಅದರಾಚೆ ಹುಲ್ಲು, ಕಲ್ಲು, ಹಿಮ. ಭೂಮಿ ಬಿಸಿಯಾಗುತ್ತಿರುವಾಗ ಆ ಅಂಚು ಮೇಲಕ್ಕೆ ಸರಿಯುತ್ತಿದೆಯೇ ಎಂದು ನೋಡುವುದು ನನ್ನ ಕೆಲಸ. ಅಂಚಿನ ಮರಗಳಿಗೆ ಟೊಳ್ಳು ಬೈರಿಗೆ ತಿರುಗಿಸಿ ಎಳೆದರೆ ಪೆನ್ಸಿಲಿಗಿಂತ ಸಪೂರವಾದ ಕಡ್ಡಿ ಹೊರಬರುತ್ತದೆ. ಮರಕ್ಕೆ ಇದರಿಂದ ನೋವಾಗುವುದಿಲ್ಲ ಎಂದು ನಾವು ಬರೆದುಕೊಳ್ಳುತ್ತೇವೆ. ಮರವನ್ನು ಯಾರೂ ಕೇಳಿಲ್ಲ. ಕಡ್ಡಿಯ ಮೇಲೆ ವರ್ಷಕ್ಕೊಂದು ಗೆರೆ ಇರುತ್ತದೆ. ಗೆರೆ ಎಣಿಸಿದರೆ ಮರದ ವಯಸ್ಸು ಸಿಗುತ್ತದೆ. ಈ ಕಡ್ಡಿಗಳನ್ನು ಕಾಗದದ ಸ್ಟ್ರಾ ಒಳಗೆ ತೂರಿಸಿ, ಎರಡೂ ತುದಿಗೆ ಟೇಪು ಅಂಟಿಸಿ ಇಡುವುದು ಪದ್ಧತಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ.

ನನ್ನ ಸ್ಟ್ರಾಗಳೆಲ್ಲ ಐತಪ್ಪ ಮಾವನ ಹೋಟೆಲಿನವು. ಮಾವ ಅಮ್ಮನ ತಮ್ಮ. ಅವರ ಜ್ಯೂಸ್ ಕೌಂಟರಿನಿಂದ ಒಂದು ಡಬ್ಬ ಸ್ಟ್ರಾ ಬೆಟ್ಟ ಹತ್ತಿ, ಹೊಟ್ಟೆ ತುಂಬಿಸಿಕೊಂಡು ಅದೇ ಡಬ್ಬದಲ್ಲಿ ವಾಪಸು ಬಂದಿತ್ತು. ಜುಲೈನಲ್ಲಿ ನಮ್ಮ ಲ್ಯಾಬಿನ ಎಸಿ ಕೈಕೊಟ್ಟಿತು. ವಡಾಲದ ನನ್ನ ಖೋಲಿಯ ಗೋಡೆಯಲ್ಲಿ ಆಗಲೇ ಬೂಷ್ಟಿನ ಹಸಿರು ನಕ್ಷೆ ಮೂಡಿತ್ತು. ಇಡೀ ಮುಂಬೈಯಲ್ಲಿ ಒಣಗಿದ ಜಾಗ ಎಂದು ನನಗೆ ಗೊತ್ತಿದ್ದದ್ದು ಒಂದೇ, ಮಾವನ ಅಡುಗೆಮನೆಯ ಮೇಲಿನ ಅಟ್ಟ. ಅಲ್ಲಿ ಹಪ್ಪಳದ ಡಬ್ಬಗಳ ಪಕ್ಕದಲ್ಲಿ ನಲವತ್ತೆರಡು ಕಡ್ಡಿಗಳನ್ನಿಟ್ಟೆ. ಮುಚ್ಚಳದ ಮೇಲೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ‘ಮುಟ್ಟಬೇಡಿ’ ಎಂದು ಬರೆದೆ.

ಮಂಗಳವಾರ ಕಡ್ಡಿ ಒಯ್ಯಲು ಹೋದಾಗ ಆ ಮುಚ್ಚಳ ನಾಲ್ಕನೇ ಟೇಬಲಿನ ಕುಂಟು ಕಾಲಿನಡಿ ಇತ್ತು. ಡಬ್ಬ ಜ್ಯೂಸ್ ಕೌಂಟರಿನ ಮೇಲಿತ್ತು.

“ನಿನ್ನೆ ಸ್ಟ್ರಾ ಮುಗಿದಿತ್ತು,” ಎಂದರು ಶೀಲಕ್ಕ. ಶೀಲಾವತಿ ಎಂಬ ಪೂರ್ತಿ ಹೆಸರಿನ ಅವರು ಇಪ್ಪತ್ತು ವರ್ಷದಿಂದ ಆ ಕೌಂಟರಿನ ಸಾಮ್ರಾಜ್ಞಿ. “ಅಟ್ಟದಲ್ಲಿ ಒಂದು ಡಬ್ಬ ಉಂಟು ಅಂತ ನಿನ್ನ ಮಾವನೇ ಹೇಳಿದ್ದು. ಎರಡೂ ಬದಿಗೆ ಟೇಪ್ ನೋಡಿ ನಾನು ಗ್ರಹಿಸಿದೆ, ಅಬ್ಬ, ಈಗ ಎಷ್ಟು ಕ್ಲೀನ್ ಪ್ಯಾಕಿಂಗ್ ಬರ್ತದೆ ಅಂತ.”

“ಎಷ್ಟು ತೆಗೆದ್ರಿ ಶೀಲಕ್ಕ?”

“ಒಂದೇ. ಟೇಪ್ ಬಿಚ್ಚಿ ಕೊಟ್ಟೆ, ಅದೂ ಎಳೀಲಿಲ್ಲ. ಗಿರಾಕಿ ಬೈದ್ರು. ಮತ್ತೆ ನಾನು ಮುಟ್ಟಲಿಲ್ಲ ಮಾರಾಯ್ತಿ.”

ಎಣಿಸಿದೆ. ನಲವತ್ತೊಂದು ಇದ್ದವು. ಇಲ್ಲದ್ದು ಮೂವತ್ತೊಂದನೇ ನಂಬರು. ಇರಲೇಬೇಕಾಗಿದ್ದದ್ದೂ ಅದೇ. ಕೊನೆಗೆ ನೋಡಿ ಎಲ್ಲಕ್ಕಿಂತ ಮೇಲೆ ಇಟ್ಟವಳು ನಾನೇ.

ಮೂವತ್ತೊಂದು ಎಂದರೆ ಎಲ್ಲಕ್ಕಿಂತ ಎತ್ತರದಲ್ಲಿ ಒಂಟಿಯಾಗಿ ನಿಂತಿದ್ದ ಭೂರ್ಜದ ಮರ. ಐವತ್ತು ವರ್ಷ ಹಳೆಯ ನಕ್ಷೆಯಲ್ಲಿ ಕಾಡಿನ ಅಂಚು ಅದಕ್ಕಿಂತ ಅರವತ್ತು ಮೀಟರ್ ಕೆಳಗಿದೆ. ಮರದ ವಯಸ್ಸು ಮೂವತ್ತೆಂಟು ಎಂದು ನಾನು ಬರೆದಿದ್ದೆ. ನಕ್ಷೆಯಾದ ಮೇಲೆ ಹುಟ್ಟಿದ ಮರ, ಆದ್ದರಿಂದ ಕಾಡು ಮೇಲೇರಿದೆ ಎಂದು ನನ್ನ ಗೈಡ್ ವಿಕ್ರಂ ಸರ್ ಪೋಸ್ಟರಿನಲ್ಲಿ ದಪ್ಪ ಕೆಂಪು ಬಾಣ ಹಾಕಿಸಿದ್ದರು. ಒಂದು ಮರದ ಬೆನ್ನ ಮೇಲೆ ಇಡೀ ಕಾಡನ್ನು ಕೂರಿಸಿ ಹತ್ತಿಸಿದ್ದೆವು. ಸಮಿತಿಯವರು ಆ ಕಡ್ಡಿಯನ್ನು ನೋಡಬೇಕೆಂದು ಮೊದಲೇ ಹೇಳಿಕಳಿಸಿದ್ದರು.

ಇನ್ನೊಂದು ಸಂಗತಿಯನ್ನು ನಾನು ಯಾರಿಗೂ ಹೇಳಿರಲಿಲ್ಲ. ಭೂರ್ಜದ ಗೆರೆಗಳು ಬಲು ಮಸುಕು, ಬಿಳಿ ಬಟ್ಟೆಯ ಮೇಲೆ ಬಿಳಿ ದಾರದ ಹೊಲಿಗೆಯ ಹಾಗೆ. ಎರಡು ಸಲ ಎಣಿಸಿದಾಗ ಮೂವತ್ತೆಂಟು ಬಂತು. ಮೂರನೇ ಸಲ ನಲವತ್ತನಾಲ್ಕು ಬಂತು. ಬಹುಮತ ನೋಡಿ ಮೂವತ್ತೆಂಟು ಎಂದು ಬರೆದು, ನಾಲ್ಕನೇ ಸಲ ಎಣಿಸಲಿಲ್ಲ.

“ಎಂತಕ್ಕೆ ಇಷ್ಟು ಟೆನ್ಶನ್ ಯಕ್ಷಿತಾ?” ಗಲ್ಲಾಪೆಟ್ಟಿಗೆಯಿಂದ ಮಾವ ಕೂಗಿದರು. “ಹಿಂದಿನ ಗಲ್ಲಿಯಲ್ಲಿ ಆಲದ ಮರ ಉಂಟು. ಎಷ್ಟು ಕಡ್ಡಿ ಬೇಕು ಹೇಳು, ಮುರಿಸಿ ಕೊಡ್ತೇನೆ.”

“ಮಾವ, ಅದು ಹಿಮಾಲಯದ್ದು!”

“ಹಿಮಾಲಯದ್ದು ಅಂತ ಕಡ್ಡಿಯಲ್ಲಿ ಬರ್ದಿರ್ತದಾ?”

ಬರೆದಿರುತ್ತದೆ ಎಂದು ವಿವರಿಸಲು ಸಮಯವಿರಲಿಲ್ಲ. ಬೈದ ಗಿರಾಕಿ ಯಾರೆಂದು ಕೇಳಿದೆ.

“ಆ ಮೈಸೂರಿನವರು, ವೆಂಕಟಸುಬ್ಬಯ್ಯ,” ಎಂದರು ಶೀಲಕ್ಕ. “ದಿನಾ ಒಂದು ಪುನರ್ಪುಳಿ ಶರಬತ್ತು ಕುಡೀತಾರೆ. ಸ್ಟ್ರಾನ ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕ್ಕೊಂಡು ಹೋದ್ರು. ಪ್ರೂಫ್ ಅಂತೆ.”

ಎರಡು ಗಲ್ಲಿ ಆಚೆ, ನೋಟರಿಯೊಬ್ಬರ ಕಚೇರಿಯ ಮೂಲೆಯಲ್ಲಿ ವೆಂಕಟಸುಬ್ಬಯ್ಯನವರು ಸಿಕ್ಕರು. ಎಪ್ಪತ್ತು ದಾಟಿದ, ಇಸ್ತ್ರಿ ಮಾಡಿದ ಅಂಗಿಯ ಮನುಷ್ಯ. ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಸಹಿ ಹೋಲಿಸಿ ನೋಡುವ ಕೆಲಸ ಮಾಡಿ ನಿವೃತ್ತರಾದವರು, ಈಗ ಗೆಳೆಯನ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಡುತ್ತಾರೆ. ನಾನು ಹೋಟೆಲಿನ ಕಡೆಯವಳು ಎಂದ ಕೂಡಲೇ ಅವರು ಟೈಪು ಮಾಡಿದ ದೂರಿನ ಹಾಳೆಯೊಂದನ್ನು ತೆಗೆದು ಓದತೊಡಗಿದರು.

“ಸದರಿ ಪಾನೀಯವನ್ನು ಸುಮಾರು ಹತ್ತು ನಿಮಿಷ ಶ್ರಮವಹಿಸಿ ಎಳೆದಾಗ್ಯೂ ಒಂದು ಹನಿಯೂ ಬಾರದಿದ್ದು, ಪರಿಶೀಲಿಸಲಾಗಿ ಒಳಗೆ ಸೌದೆ ಕಂಡುಬಂದಿರುತ್ತದೆ.”

“ಸೌದೆ ಅಲ್ಲ ಸರ್, ಭೂರ್ಜ.”

“ಋಷಿಗಳು ಗ್ರಂಥ ಬರೀತಿದ್ದ ಭೂರ್ಜಪತ್ರದ ಭೂರ್ಜವೇನಮ್ಮಾ?” ಅವರ ಹುಬ್ಬು ಮೇಲೇರಿತು. “ಅದನ್ನ ನಾನು ಚೀಪಿದ್ನೇ?”

ಕ್ಷಮೆ ಕೇಳಿದೆ. ನಾಳೆಯ ಸಮಿತಿಯ ವಿಷಯ ಹೇಳಿದೆ. ನಕ್ಷೆ, ಅಂಚು, ಅರವತ್ತು ಮೀಟರ್, ಎಲ್ಲ ಹೇಳಿದೆ. ಗಾಬರಿಯಾದರೆ ನಾನು ಬೇಡದ್ದನ್ನೂ ಹೇಳುತ್ತೇನೆ. ಅವರು ಡ್ರಾಯರಿನಿಂದ ಪೊಟ್ಟಣ ತೆಗೆದು ಬಿಚ್ಚಿದರು. ಕಡ್ಡಿ ಒಣಗಿತ್ತು. ಆದರೆ ಅದು ನನ್ನ ಬಿಳಿಚಿಕೊಂಡ ಮೂವತ್ತೊಂದು ಆಗಿರಲಿಲ್ಲ. ತುದಿಯಿಂದ ತುದಿಗೆ ಶರಬತ್ತಿನ ಕೆನ್ನೇರಳೆ ಬಣ್ಣ ಹೀರಿಕೊಂಡಿತ್ತು.

“ಕೊಡ್ತೀನಿ. ಆದ್ರೆ ಎಣಿಸೋದು ಹೇಗೆ ಅಂತ ನನ್ನೆದುರಿಗೆ ತೋರಿಸ್ಬೇಕು. ಏನನ್ನ ಚೀಪಿದೆ ಅಂತ ನನಗೂ ತಿಳೀಬೇಕಲ್ಲ?” ಎಂದು ಭೂತಗನ್ನಡಿ ಮುಂದೆ ಸರಿಸಿದರು.

ಸೂಜಿಯ ಮೊನೆಯಿಂದ ಗೆರೆಗಳನ್ನು ತೋರಿಸುತ್ತ ಎಣಿಸಿದೆ. ಹನ್ನೆರಡಕ್ಕೆ ಅವರು ತಡೆದರು.

“ಅಲ್ಲಿ ಎರಡಿದೆ. ನೀವು ಒಂದು ಅಂದ್ರಿ.”

“ಅದು ಒಂದೇ ಸರ್.”

“ನೋಡಮ್ಮಾ, ಸುಳ್ಳು ಸಹಿ ಹಾಕೋನು ಎಲ್ಲಿ ಕೈ ನಡುಗಿಸಿದ್ದಾನೆ ಅಂತ ಮೂವತ್ತಾರು ವರ್ಷ ನೋಡಿದ ಕಣ್ಣಿದು. ಎರಡಿದೆ.”

ಬಗ್ಗಿ ನೋಡಿದೆ. ಎರಡಿತ್ತು. ಪುನರ್ಪುಳಿಯ ಬಣ್ಣ ಗೆರೆಗಳಲ್ಲೇ ಹೆಚ್ಚು ಇಳಿದು, ನಾನು ಒಂದೆಂದು ದಾಟಿದ್ದ ಕಡೆಯೆಲ್ಲ ಒತ್ತೊತ್ತಾಗಿ ಎರಡು, ಮೂರು ಗೆರೆಗಳು ನಿಂತಿದ್ದವು. ತೊಗಟೆಯ ಕಡೆಯ ಗೆರೆಗಳಂತೂ ಕೂದಲು ತೂರದಷ್ಟು ಹತ್ತಿರ. ವರ್ಷ ವರ್ಷವೂ ಮರ ಇಷ್ಟಿಷ್ಟೇ, ಜೀವ ಹಿಡಿದುಕೊಳ್ಳುವಷ್ಟೇ ಬೆಳೆದಿತ್ತು. ಅವರೊಮ್ಮೆ, ನಾನೊಮ್ಮೆ, ಮತ್ತೆ ಅವರೊಮ್ಮೆ ಎಣಿಸಿದೆವು. ಮೂರು ಸಲವೂ ಅರವತ್ತೇಳು.

ಅರವತ್ತೇಳು ಎಂದರೆ, ನಕ್ಷೆ ಬರೆಯುವ ಹೊತ್ತಿಗೇ ಆ ಮರ ಅಲ್ಲಿತ್ತು. ಬರೆದವರಿಗೆ ಕಂಡಿರಲಿಲ್ಲ, ಅಷ್ಟೇ. ಕಾಡು ಎಲ್ಲಿಗೂ ಏರಿರಲಿಲ್ಲ.

“ಎಷ್ಟು ಅಂತ ಬರೆದಿದ್ರಿ?” ಎಂದರು.

“ಮೂವತ್ತೆಂಟು.”

“ಹ್ಞೂಂ. ಹೆಣ್ಣು ನೋಡೋಕೆ ಬಂದವರ ಮುಂದೆ ಹೇಳೋ ವಯಸ್ಸು.” ಅವರು ದೂರನ್ನು ಮಡಚಿ ಹರಿದು ಹಾಕಿದರು. ಕಡ್ಡಿ ತಲುಪಿದ್ದಕ್ಕೆ ಮಾತ್ರ ರಸೀತಿ ಬರೆಸಿಕೊಂಡರು.

ಬೀದಿಗೆ ಬಂದು ವಿಕ್ರಂ ಸರ್‌ಗೆ ಫೋನ್ ಮಾಡಿದೆ. ಮಳೆ, ಟ್ಯಾಕ್ಸಿಗಳ ಹಾರ್ನ್. ಕಡ್ಡಿ ಹೋಟೆಲಿನಲ್ಲಿ ಬಳಕೆಯಾಯಿತು ಎನ್ನುವಷ್ಟರಲ್ಲೇ ಅವರು ಪರಿಹಾರ ಹುಡುಕಿದ್ದರು.

“ಯಕ್ಷಿತಾ, ಲಿಸನ್. ಡ್ಯಾಮೇಜ್ ಆಯ್ತು ಅಂತ ಬರಿ. ಹಳೇ ಕೌಂಟ್ ಹಾಗೇ ಇರ್ಲಿ. ಪೋಸ್ಟರ್ ಪ್ರಿಂಟ್ ಆಗಿದೆಯಲ್ಲ.”

“ಡ್ಯಾಮೇಜ್ ಆಗಿಲ್ಲ ಸರ್. ಬಣ್ಣ ಬಂದಿದೆ. ಅರವತ್ತೇಳು ವರ್ಷ.”

“ಅದನ್ನ ಕೌಂಟ್ ಮಾಡಿದ್ದು ಯಾರು?”

“ಬ್ಯಾಂಕಿನವರು.”

“ನಿನ್ನ ಎಕ್ಸ್‌ಟೆನ್ಶನ್ ಇರೋದೇ ಆ ಬಾಣದ ಮೇಲೆ. ಥಿಂಕ್ ಮಾಡು,” ಎಂದು ಇಟ್ಟುಬಿಟ್ಟರು.

ಹಾರ್ಬರ್ ಲೈನಿನ ಲೋಕಲಿನಲ್ಲಿ ವಡಾಲದವರೆಗೂ ಥಿಂಕ್ ಮಾಡಿದೆ. ಕಡ್ಡಿ ಕಳೆದಿದೆ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂವತ್ತೆಂಟು ಎಂದು ಹೇಳುವ ವಾಕ್ಯವನ್ನು ಮನಸ್ಸಿನಲ್ಲೇ ಮೂರು ಬಗೆಯಲ್ಲಿ ತಿದ್ದಿದೆ. ಮೂರು ಬಗೆಯಲ್ಲೂ ಕೇಳಿಸಿದ್ದು ಒಂದೇ: ಅಲ್ಲಿ ಎರಡಿದೆ, ನೀವು ಒಂದು ಅಂದ್ರಿ.

ಬುಧವಾರ ಸಮಿತಿಯ ಐದು ಜನರೆದುರು ಕೆಂಪು ಬಾಣದ ಪೋಸ್ಟರಿನ ಪಕ್ಕದಲ್ಲಿ ನಿಂತೆ. ಬಾಣ ತಪ್ಪು ಎಂದೆ. ಹಿಂದಿನ ಎಣಿಕೆಯಲ್ಲೇ ನನಗೆ ಅನುಮಾನ ಬಂದಿತ್ತು, ಮುಚ್ಚಿಟ್ಟೆ ಎಂದೂ ಹೇಳಿದೆ. ಚಳಿಗಾಲದ ಹಿಮ ಬೇಗ ಕರಗಿ, ಚಿಗುರುವ ಹೊತ್ತಿಗೆ ನೀರಿಲ್ಲದೆ ಮರ ನಿಂತಲ್ಲೇ ಸೊರಗುತ್ತಿರಬಹುದು, ಆದರೆ ಒಂದೇ ಮರ ನೋಡಿ ಅದನ್ನೂ ಹೇಳುವಂತಿಲ್ಲ ಎಂದೆ. ವಿಕ್ರಂ ಸರ್ ಕಿಟಕಿಯಾಚೆಯ ಮಳೆಯನ್ನು ಜೀವಮಾನದಲ್ಲಿ ಮೊದಲ ಸಲ ಕಂಡವರಂತೆ ನೋಡುತ್ತಿದ್ದರು.

ಕಡ್ಡಿ ಕೈಯಿಂದ ಕೈಗೆ ಹೋಯಿತು. ಬೆಳ್ಳಿ ಕೂದಲಿನ ಒಬ್ಬ ಮೇಡಂ ಅದನ್ನು ಸೂಕ್ಷ್ಮದರ್ಶಕದಡಿ ಬಹಳ ಹೊತ್ತು ನೋಡಿದರು.

“ಭೂರ್ಜದಲ್ಲಿ ಇಷ್ಟು ಸ್ಪಷ್ಟ ಗೆರೆ ನಾನು ನೋಡಿಲ್ಲ. ಯಾವ ಬಣ್ಣ ಬಳಸಿದ್ದು?”

“ಗಾರ್ಸಿನಿಯಾ ಇಂಡಿಕಾ ಹಣ್ಣಿನ ಜಲೀಯ ಸಾರ,” ಎಂದೆ, ಪುನರ್ಪುಳಿಗೆ ಅದರ ಲ್ಯಾಟಿನ್ ಹೆಸರು ತೊಡಿಸಿ.

“ಬೇರೇನಾದರೂ ಸೇರಿಸಿದ್ದಿರಾ?”

ಇಲ್ಲಿಯವರೆಗೆ ನಿಜ ಹೇಳಿಯಾಗಿತ್ತು. ಈಗ ನಿಲ್ಲಿಸಲು ಬರುವುದಿಲ್ಲ. “ಸಕ್ಕರೆ, ಜೀರಿಗೆ, ಚಿಟಿಕೆ ಉಪ್ಪು.”

ಎರಡು ವರ್ಷ ಕೇಳಿದ್ದೆ, ಮೂರು ತಿಂಗಳು ಕೊಟ್ಟರು. ಉಳಿದ ನಲವತ್ತೊಂದು ಕಡ್ಡಿಗಳಿಗೂ ಬಣ್ಣ ಹಾಕಿ, ನನ್ನನ್ನು ಬಿಟ್ಟು ಇನ್ನೊಬ್ಬರಿಂದಲೂ ಎಣಿಸಿ ತರಬೇಕು ಎಂಬುದು ಷರತ್ತು. ಪೋಸ್ಟರನ್ನು ವಿಕ್ರಂ ಸರ್ ತಾವೇ ಸುತ್ತಿಕೊಂಡು ಹೊರಟುಹೋದರು.

ಗುರುವಾರ ಬೆಳಿಗ್ಗೆ ಡಬ್ಬವನ್ನು ಕಂಕುಳಲ್ಲಿ ಅವುಚಿಕೊಂಡು ಹೋಟೆಲಿಗೆ ಹೋದೆ. ಮುಚ್ಚಳವನ್ನು ಟೇಬಲಿನ ಕಾಲಡಿಯಿಂದ ಬಿಡಿಸಿಕೊಂಡಿದ್ದೆ. ನಾಲ್ಕನೇ ಟೇಬಲ್ ಮತ್ತೆ ಕುಂಟುತ್ತಿತ್ತು. ಅಲ್ಲಿ ವೆಂಕಟಸುಬ್ಬಯ್ಯನವರು ಭೂತಗನ್ನಡಿ ಒರೆಸುತ್ತ ಕೂತಿದ್ದರು, ಮುಂದೆ ಒಂದು ಲೋಟ ಶರಬತ್ತು. ಸ್ಟ್ರಾ ಬೇಡವೆಂದು ಹೇಳಿಬಿಟ್ಟಿದ್ದರು.

ಶೀಲಕ್ಕ ಕೌಂಟರಿನ ಮೇಲೆ ದೊಡ್ಡ ತಟ್ಟೆಯಿಟ್ಟು ನಲವತ್ತೊಂದು ಕಡ್ಡಿಗಳನ್ನು ಸಾಲಾಗಿ ಮಲಗಿಸಿದರು. ಜಗ್ಗು ಕೈಗೆತ್ತಿಕೊಂಡು, ಯಾವ ಗಿರಾಕಿಗೂ ತೋರಿಸದಷ್ಟು ಗೌರವದಿಂದ ಕೇಳಿದರು:

“ಇವರಿಗೆಲ್ಲ ಸಕ್ಕರೆ ಹಾಕುದಾ, ಬೇಡವಾ?”